ಎಲ್ಲಿ ಬಿಗಿ, ಎಲ್ಲಿ ಸಡಿಲ: ಹತ್ತು ಜನರನ್ನು ನಡೆಸುವವರಿಗೊಂದು ಕೈಪಿಡಿ

ಮುಂಬಯಿಯ ಮಾಟುಂಗದ ಹೋಟೆಲಿನ ಗಲ್ಲೆಯಲ್ಲಿ ಕುಳಿತವರು, ಪುಣೆಯ ಹಿಂಜೆವಾಡಿಯಲ್ಲಿ ಹೊಸದಾಗಿ ಟೀಮ್ ಲೀಡ್ ಆದವರು, ಗೋವೆಯ ವಾಸ್ಕೋದಲ್ಲಿ ಕಟ್ಟಡದ ಕೆಲಸ ಹಿಡಿದಿರುವ ವಿಜಯಪುರದ ಕಡೆಯ ಮೇಸ್ತ್ರಿಗಳು, ಕನ್ನಡ ಸಂಘಗಳ ಕಾರ್ಯದರ್ಶಿಗಳು. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ: "ಬಿಗಿ ಹಿಡಿದರೆ ಬಿಟ್ಟು ಹೋಗುತ್ತಾರೆ, ಸಡಿಲ ಬಿಟ್ಟರೆ ತಲೆಯ ಮೇಲೆ ಕೂರುತ್ತಾರೆ. ನಾನು ಹೇಗಿರಬೇಕು?" ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಗಂಟಲು ಒಣಗಿದ್ದರಿಂದ ಇದನ್ನು ಒಂದೇ ಸಲ ಬರೆದಿಡುತ್ತಿದ್ದೇನೆ.

ತೊಡಕು ಪ್ರಶ್ನೆಯೊಳಗೇ ಇದೆ. "ನಾನು ಹೇಗಿರಬೇಕು" ಎಂದು ಕೇಳಿದರೆ ಎಲ್ಲರಿಗೂ ಎಲ್ಲ ದಿನಕ್ಕೂ ಸಲ್ಲುವ ಒಂದು ಸ್ವಭಾವವನ್ನು ಹುಡುಕಿದಂತಾಗುತ್ತದೆ. ಅಂಥದ್ದು ಇಲ್ಲ. "ಈ ಕೆಲಸದಲ್ಲಿ, ಈ ಮನುಷ್ಯನ ಜೊತೆ, ಈ ವಾರ ಹೇಗಿರಬೇಕು" ಎಂದು ಕೇಳಿ ನೋಡಿ. ಉತ್ತರ ಅರ್ಧ ಸಿಕ್ಕಿರುತ್ತದೆ.

ಈ ವಿಚಾರ ನನ್ನ ಸ್ವಂತದ್ದಲ್ಲ. ಅಮೆರಿಕದ ನಿರ್ವಹಣಾ ತಜ್ಞರಾದ ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚಾರ್ಡ್ ಇದನ್ನು 1969ರಲ್ಲಿ ಮುಂದಿಟ್ಟರು. ಮಗು ಬೆಳೆದಂತೆ ಹೆತ್ತವರು ಹಿಡಿತ ಸಡಿಲಿಸುವುದನ್ನು ಹೋಲಿಕೆಯಾಗಿ ಇಟ್ಟುಕೊಂಡು ಮೊದಲು ಅದನ್ನು ಜೀವನಚಕ್ರ ಸಿದ್ಧಾಂತ ಎಂದು ಕರೆದರು. ಆಮೇಲೆ ಉಳಿದ ಹೆಸರು ಸಂದರ್ಭಾನುಸಾರಿ ನಾಯಕತ್ವ, ಎಂದರೆ ಸಮಯ ಸಂದರ್ಭ ನೋಡಿ ನಡೆಯುವುದು ಮತ್ತು ನಡೆಸುವುದು. ಯಕ್ಷಗಾನ ನೋಡಿ ಬೆಳೆದವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಬಾಲಗೋಪಾಲ ವೇಷದ ಹುಡುಗನನ್ನು, ಹಾಡಿ ಪ್ರಸಂಗ ನಡೆಸುವ ಭಾಗವತರು ತಾಳದಲ್ಲೇ ಹೆಜ್ಜೆಹೆಜ್ಜೆಗೂ ಹಿಡಿದು ಕುಣಿಸುತ್ತಾರೆ. ವೇಷ ಕುಣಿತವಿಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಹಿರಿಯ ಅರ್ಥಧಾರಿ ಕುಳಿತಾಗ ಪದ್ಯ ಹಾಡಿ ಅವರ ಪಾಡಿಗೆ ಬಿಟ್ಟುಕೊಡುತ್ತಾರೆ. ಅದೇ ಹಿರಿಯರ ಮಾತು ಬೆಳೆದು ಪ್ರಸಂಗ ಮುಗಿಯಲು ಹೊತ್ತು ಸಾಲದು ಎನ್ನಿಸಿದರೆ ಮುಂದಿನ ಪದ್ಯ ಎತ್ತಿಬಿಡುತ್ತಾರೆ. ಮೂವರು ಭಾಗವತರು ಬೇಕಿಲ್ಲ, ಒಬ್ಬರೇ ಸಾಕು.

ನಾನು ಇಪ್ಪತ್ತು ಚಿಲ್ಲರೆ ವರ್ಷ ಮುಂಬಯಿಯ ಹೋಟೆಲುಗಳಲ್ಲಿ ಮ್ಯಾನೇಜರ್ ಆಗಿದ್ದವನು. ಹಾಗಾಗಿ ಉದಾಹರಣೆಗಳು ಹೆಚ್ಚಾಗಿ ಅಡುಗೆಮನೆಯಿಂದ ಬರುತ್ತವೆ. ನೀವು ನಿಮ್ಮ ಕೆಲಸಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ.

ಏನು ಬೇಕು

ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಒಂದು ವಾರದ ತಾಳ್ಮೆ. ಆ ವಾರ ಯಾರನ್ನೂ ತಿದ್ದಲು ಹೋಗಬೇಡಿ, ನೋಡಿ ಬರೆಯಿರಿ. ನೋಟ್‌ಬುಕ್ ಮನೆಯಲ್ಲಿರಲಿ. ಗಲ್ಲೆಯಲ್ಲಿಟ್ಟರೆ ಮೂರನೆಯ ದಿನಕ್ಕೆ ಎಲ್ಲರೂ ಓದಿರುತ್ತಾರೆ.

ಹಂತ 1: ಹೆಸರಿನ ಮುಂದೆ ಕೆಲಸಗಳನ್ನು ಬಿಡಿಸಿ ಬರೆಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. "ಇವನು ಚುರುಕು, ಅವನು ಮಂದ" ಎಂದು ಮನುಷ್ಯನಿಗೇ ಅಂಕ ಕೊಟ್ಟುಬಿಡುತ್ತಾರೆ. ಅಂಕ ಕೊಡಬೇಕಾದದ್ದು ಕೆಲಸಕ್ಕೆ.

ಹದಿನೆಂಟು ವರ್ಷ ಅನುಭವವಿರುವ ಒಬ್ಬ ಅಡುಗೆಭಟ್ಟರನ್ನು ತೆಗೆದುಕೊಳ್ಳಿ. ಇಡ್ಲಿ ಹಿಟ್ಟಿನ ಹದ, ಸಾಂಬಾರಿನ ರುಚಿ, ಕಾವಲಿಯ ಕಾವು ಇವುಗಳಲ್ಲಿ ಅವರಿಗೆ ಹೇಳಿಕೊಡುವವರು ಯಾರೂ ಇಲ್ಲ. ಜುಲೈ ತಿಂಗಳ ಮಳೆಯಲ್ಲಿ ಹಿಟ್ಟು ಎಷ್ಟು ಹೊತ್ತಿಗೆ ಉಬ್ಬುತ್ತದೆ, ಡಿಸೆಂಬರಿನಲ್ಲಿ ಎಷ್ಟು ಹೊತ್ತು ಹೆಚ್ಚು ಬೇಕು ಎಂಬುದು ಅವರ ಬೆರಳಿಗೆ ಗೊತ್ತು. ಅದೇ ಹೋಟೆಲಿಗೆ ಆನ್‌ಲೈನ್ ಆರ್ಡರ್ ತೋರಿಸುವ ಟ್ಯಾಬ್ಲೆಟ್ ಬಂತು ಎನ್ನಿ. ಎದುರಿನ ಗಿರಾಕಿ ಮತ್ತು ತೆರೆಯ ಮೇಲಿನ ಗಿರಾಕಿ, ಇಬ್ಬರಲ್ಲಿ ಯಾರ ದೋಸೆ ಮೊದಲು ಎಂದು ತೀರ್ಮಾನಿಸುವ ಕೆಲಸದಲ್ಲಿ ಅವರು ನಿನ್ನೆ ಊರಿನಿಂದ ಬಂದ ಹುಡುಗನಷ್ಟೇ ಹೊಸಬರು. ನಾವು ಏನು ಮಾಡುತ್ತೇವೆ? "ಭಟ್ಟರೇ, ನಿಮಗೆ ಗೊತ್ತಿಲ್ಲದ್ದು ಏನಿದೆ, ನೀವೇ ನೋಡಿಕೊಳ್ಳಿ" ಎಂದು ಹೇಳಿ ಗಲ್ಲೆಗೆ ಬಂದು ಕುಳಿತುಕೊಳ್ಳುತ್ತೇವೆ. ಕೇಳಲು ಮರ್ಯಾದೆಯ ಮಾತು, ನಿಜದಲ್ಲಿ ನಡುನೀರಿನಲ್ಲಿ ಕೈಬಿಟ್ಟಂತೆ. ಒಂದು ವಾರದಲ್ಲಿ ಭಟ್ಟರು ಸಿಡುಕುತ್ತಾರೆ, ಎರಡನೆಯ ವಾರ ಊರಿಗೆ ಹೋಗುತ್ತೇನೆ ಎನ್ನುತ್ತಾರೆ. "ವಯಸ್ಸಾಯಿತು, ಹೊಂದಿಕೊಳ್ಳುವುದಿಲ್ಲ" ಎಂದು ನಾವು ಷರಾ ಬರೆಯುತ್ತೇವೆ.

ಆದ್ದರಿಂದ ಒಬ್ಬೊಬ್ಬರ ಹೆಸರಿನ ಕೆಳಗೆ ಅವರು ಮಾಡುವ ನಾಲ್ಕೈದು ಮುಖ್ಯ ಕೆಲಸಗಳನ್ನು ಬಿಡಿಬಿಡಿಯಾಗಿ ಬರೆಯಿರಿ. "ಸಪ್ಲೈ" ಎಂದು ಬರೆದರೆ ಸಾಲದು. ಆರ್ಡರ್ ತೆಗೆದುಕೊಳ್ಳುವುದು, ಬಿಲ್ಲು ಮುಟ್ಟಿಸುವುದು, ಸಿಟ್ಟಾದ ಗಿರಾಕಿಯನ್ನು ಸಮಾಧಾನ ಮಾಡುವುದು, ಹೊಸ ಹುಡುಗನಿಗೆ ಕಲಿಸುವುದು, ಇವು ನಾಲ್ಕೂ ಬೇರೆ ಬೇರೆ ಕೆಲಸ. ಮೂರರಲ್ಲಿ ಗಟ್ಟಿಗನಾದವನು ನಾಲ್ಕನೆಯದರಲ್ಲಿ ಎಳೆಯನಾಗಿರಬಹುದು. ಸಾಫ್ಟ್‌ವೇರ್‌ನವರಿಗೂ ಇದೇ ಮಾತು: ಕೋಡ್ ಚೆನ್ನಾಗಿ ಬರೆಯುವವಳನ್ನು ಗ್ರಾಹಕರ ಜೊತೆಗಿನ ಸಭೆಗೆ ಒಂಟಿಯಾಗಿ ಕಳುಹಿಸಿ, ಆಮೇಲೆ "ನಿನ್ನಿಂದ ಹೀಗಾಗುತ್ತದೆ ಎಂದುಕೊಂಡಿರಲಿಲ್ಲ" ಎನ್ನುವ ಟೀಮ್ ಲೀಡ್‌ಗಳು ಪುಣೆಯಲ್ಲಿ ಕಡಿಮೆಯೇನಿಲ್ಲ.

ಹಂತ 2: ಪ್ರತಿ ಕೆಲಸಕ್ಕೂ ಎರಡೇ ಪ್ರಶ್ನೆ

ಬಲ್ಲನೇ? ಮನಸ್ಸಿದೆಯೇ?

ಸಿದ್ಧಾಂತದಲ್ಲಿ ಈ ಎರಡನ್ನೂ ಸೇರಿಸಿ ಸಿದ್ಧತೆ ಎನ್ನುತ್ತಾರೆ. ಮೊದಲ ಪ್ರಶ್ನೆಗೆ ಉತ್ತರವನ್ನು ಕಣ್ಣಿನಿಂದ ಪಡೆಯಿರಿ, ಕಿವಿಯಿಂದ ಬೇಡ. "ಬರುತ್ತದೆಯಾ?" ಎಂದು ಕೇಳಿದರೆ ಕೆಲಸ ಬೇಕಾದವನು ಬರುತ್ತದೆ ಎಂದೇ ಹೇಳುತ್ತಾನೆ. ನಿಮ್ಮ ಕಣ್ಣೆದುರು ಮಾಡಿದ್ದಾನೆಯೇ, ಎಷ್ಟು ಸಲ, ಗದ್ದಲದ ಹೊತ್ತಿನಲ್ಲೂ ಮಾಡಿದ್ದಾನೆಯೇ ಎಂಬುದೇ ಲೆಕ್ಕ.

ಎರಡನೆಯ ಪ್ರಶ್ನೆ ಕಷ್ಟದ್ದು. ಇಲ್ಲಿ ಮನಸ್ಸು ಎಂದರೆ ಆಸಕ್ತಿ ಮತ್ತು ಧೈರ್ಯ ಎರಡೂ. ಮಾಡಲು ಇಷ್ಟವಿಲ್ಲದವನೂ ಮಾಡಲು ಹೆದರುವವನೂ ಹೊರಗಿನಿಂದ ಒಂದೇ ತರಹ ಕಾಣುತ್ತಾರೆ: ಇಬ್ಬರೂ ಕೆಲಸದ ಹತ್ತಿರ ಸುಳಿಯುವುದಿಲ್ಲ. ಹೆದರುವವನು ಬೇರೆ ಕೆಲಸವನ್ನು ಬೇಕೆಂದೇ ಮೈಮೇಲೆ ಹಾಕಿಕೊಂಡು ಓಡಾಡುತ್ತಿರುತ್ತಾನೆ, ಇಷ್ಟವಿಲ್ಲದವನು ಕೈಕಟ್ಟಿ ನಿಂತಿರುತ್ತಾನೆ. ಇದು ನನ್ನ ಅನುಭವದ ಗುರುತು, ಶಾಸ್ತ್ರವಲ್ಲ. ಖಚಿತವಾಗಬೇಕಾದರೆ ಮಧ್ಯಾಹ್ನ ಮೂರೂವರೆಗೆ, ಹೋಟೆಲು ಖಾಲಿ ಇರುವಾಗ, ಚಹಾ ಕೊಟ್ಟು ಒಬ್ಬನನ್ನೇ ಕೂರಿಸಿ ಕೇಳಿ. "ಯಾಕೆ ಮಾಡುವುದಿಲ್ಲ" ಎಂದರೆ ನೆಪ ಬರುತ್ತದೆ. "ಇದರಲ್ಲಿ ಯಾವ ಭಾಗ ಕಷ್ಟ" ಎಂದು ಕೇಳಿದರೆ ವಿಷಯ ಬರುತ್ತದೆ.

ಈ ಹಂತದಲ್ಲಿ ಮೂರು ಗುಂಡಿಗಳಿವೆ, ಮೂರಕ್ಕೂ ನಾನೇ ಬಿದ್ದಿದ್ದೇನೆ.

ವರ್ಷಗಳನ್ನು ಕಲಿಕೆ ಎಂದುಕೊಳ್ಳುವುದು ಒಂದು. ಹತ್ತು ವರ್ಷ ಒಂದೇ ಕೆಲಸವನ್ನು ಒಂದೇ ತಪ್ಪಿನ ಜೊತೆ ಮಾಡಿದವರಿದ್ದಾರೆ.

ಮೌನವನ್ನು ಒಪ್ಪಿಗೆ ಎಂದುಕೊಳ್ಳುವುದು ಇನ್ನೊಂದು. ನಮ್ಮ ಹೋಟೆಲುಗಳಲ್ಲಿ ಹಿಂದೆ ಎಲ್ಲರೂ ಕುಂದಾಪುರ, ಉಡುಪಿ ಕಡೆಯವರಾಗಿದ್ದರು. ಈಗ ಒಡಿಶಾ, ಉತ್ತರ ಪ್ರದೇಶ, ನೇಪಾಳದ ಹುಡುಗರು ಇದ್ದಾರೆ. ನೀವು ತುಳುವಿನಲ್ಲೋ ಕನ್ನಡದಲ್ಲೋ ಹೇಳಿದ್ದಕ್ಕೆ ತಲೆಯಾಡಿಸಿದವನಿಗೆ ಅರ್ಥವಾಗಿರಬೇಕೆಂದೇನೂ ಇಲ್ಲ. ಹೇಳಿದ್ದನ್ನು ಅವನ ಬಾಯಿಂದ ಒಮ್ಮೆ ಹೇಳಿಸಿ.

ಮೂರನೆಯದು ಎಲ್ಲಕ್ಕಿಂತ ಆಳವಾದ ಗುಂಡಿ: "ನಮ್ಮ ಊರಿನ ಹುಡುಗ". ಊರಿನವನು ಎಂಬುದು ನಂಬಿಕೆಗೆ ಕಾರಣವಾಗಬಹುದು, ಕೆಲಸ ಬಲ್ಲ ಎಂಬುದಕ್ಕೆ ಸಾಕ್ಷಿಯಾಗಲಾರದು. ನೋಟ್‌ಬುಕ್ಕಿನಲ್ಲಿ ಊರಿನ ಹೆಸರು ಬರೆಯಲೇಬೇಡಿ.

ಹಂತ 3: ನಾಲ್ಕು ಕೈಗಳಲ್ಲಿ ಒಂದನ್ನು ಆರಿಸಿ

ನಾಯಕ ಮಾಡುವುದೆಲ್ಲ ಎರಡೇ ಬಗೆಯದು ಎಂಬುದು ಈ ಸಿದ್ಧಾಂತದ ಲೆಕ್ಕ. ಏನು, ಹೇಗೆ, ಯಾವಾಗ ಎಂದು ಹೇಳುವುದು ಒಂದು. ಇದನ್ನು ನಿರ್ದೇಶನ ಎನ್ನೋಣ. ಕೇಳಿಸಿಕೊಳ್ಳುವುದು, ಬೆನ್ನು ತಟ್ಟುವುದು, ಅಭಿಪ್ರಾಯ ಕೇಳುವುದು ಇನ್ನೊಂದು, ಇದು ಆಸರೆ. ಎರಡನ್ನೂ ಹೆಚ್ಚು ಕಡಿಮೆ ಬೆರೆಸಿದರೆ ನಾಲ್ಕು ಬಗೆ. ನಾನು ಅವನ್ನು ನಾಲ್ಕು ಕೈ ಎಂದು ಹೇಳಿಕೊಡುತ್ತೇನೆ.

*ಹಿಡಿಯುವ ಕೈ.* ನಿರ್ದೇಶನ ಹೆಚ್ಚು, ಆಸರೆಯ ಮಾತು ಕಡಿಮೆ. ಕೆಲಸ ಗೊತ್ತಿಲ್ಲದವನಿಗೆ ಇದು. "ಈ ಸೌಟಿನಲ್ಲಿ ಒಂದೂವರೆ, ನಡುವಿನಿಂದ ಹೊರಗೆ, ಮೂರು ಸುತ್ತು." ಇಲ್ಲಿ "ನಿನಗೆ ಹೇಗೆ ಅನ್ನಿಸುತ್ತದೆ" ಎಂದು ಕೇಳುವುದು ಉದಾರತೆಯಲ್ಲ, ಪೀಡೆ. ಅವನಿಗೆ ಇನ್ನೂ ಏನೂ ಅನ್ನಿಸುತ್ತಿಲ್ಲ, ಕಾವಲಿ ಬಿಸಿಯಿದೆ ಎಂಬುದರ ಹೊರತು. ಗಮನಿಸಿ, ಹಿಡಿಯುವ ಕೈ ಎಂದರೆ ಹೊಡೆಯುವ ಕೈಯಲ್ಲ, ಬೈಯುವ ಬಾಯಿಯೂ ಅಲ್ಲ. ಸ್ಪಷ್ಟವಾಗಿ ಹೇಳುವುದಕ್ಕೂ ಗದರಿಸುವುದಕ್ಕೂ ಸಂಬಂಧವೇ ಇಲ್ಲ.

*ತಿಳಿಹೇಳುವ ಕೈ.* ನಿರ್ದೇಶನವೂ ಹೆಚ್ಚು, ಆಸರೆಯೂ ಹೆಚ್ಚು. ಇದು ಎಲ್ಲಕ್ಕಿಂತ ದುಡಿಮೆ ಬೇಡುವ ಕೈ, ನಾವು ಹಾರಿಸಿಬಿಡುವ ಕೈಯೂ ಇದೇ. ಹೊಸಬ ಬರುವಾಗ ಉತ್ಸಾಹದಿಂದ ಬರುತ್ತಾನೆ. ಮುಂಬಯಿ, ಸಮುದ್ರ, ಸಂಬಳ. ಸ್ವಲ್ಪ ದಿನ ಕಳೆದ ಮೇಲೆ ಕೆಲಸ ತಾನೆಂದುಕೊಂಡಷ್ಟು ಸುಲಭವಿಲ್ಲ ಎಂದು ಅರಿವಾಗುತ್ತದೆ. ಅರ್ಧ ಕಲಿತಿದ್ದಾನೆ, ಉತ್ಸಾಹ ಪೂರ್ತಿ ಇಳಿದಿದೆ. ಬ್ಲಾಂಚಾರ್ಡ್ ಮುಂದೆ ಸಿದ್ಧಾಂತವನ್ನು ತಿದ್ದಿದಾಗ ಈ ಇಳಿತವನ್ನು ಬೇರೆಯಾಗಿಯೇ ಗುರುತಿಸಿದರು. ಹುಡುಗರು ಬಿಟ್ಟು ಹೋಗುವುದು ಈ ಇಳಿಜಾರಿನಲ್ಲಿ. ನಾವೋ, "ಇಷ್ಟು ದಿನವಾಯಿತು, ಇನ್ನೂ ಬರಲಿಲ್ಲವಾ" ಎಂದು ಅಲ್ಲೇ ಒಂದು ತಳ್ಳು ಕೊಡುತ್ತೇವೆ. ಆಗ ಬೇಕಾದದ್ದು ಕಾರಣ ಸಹಿತ ಹೇಳುವುದು: ಕಾವಲಿಗೆ ನೀರು ಚಿಮುಕಿಸುವುದು ಯಾಕೆ, ಹಿಟ್ಟು ತೆಳುವಾದರೆ ಏನಾಗುತ್ತದೆ. ಜೊತೆಗೆ ಆದ ಕಲಿಕೆಯನ್ನು ಹೆಸರಿಟ್ಟು ತೋರಿಸುವುದು: "ಹೋದ ಸೋಮವಾರ ಹತ್ತು ದೋಸೆಯಲ್ಲಿ ನಾಲ್ಕು ಹರಿಯುತ್ತಿತ್ತು, ಇವತ್ತು ಒಂದೇ ಹರಿದದ್ದು." ಬರೀ "ಭೇಷ್" ಎಂದರೆ ಅವನು ನಂಬುವುದಿಲ್ಲ. ಲೆಕ್ಕ ಹೇಳಿದರೆ ನಂಬುತ್ತಾನೆ.

*ಜೊತೆಗಿರುವ ಕೈ.* ನಿರ್ದೇಶನ ಕಡಿಮೆ, ಆಸರೆ ಹೆಚ್ಚು. ಬಲ್ಲ, ಆದರೆ ಅಳುಕು. ಇಲ್ಲವೇ ಬಲ್ಲ, ಆದರೆ ಬೇಸರ ಹಿಡಿದಿದೆ. ಹೇಗೆ ಮಾಡಬೇಕೆಂದು ಇವನಿಗೆ ಹೇಳಲು ಹೋದರೆ ಅವಮಾನ. "ನೀನು ಹೇಗೆ ಮಾಡುತ್ತೀಯ ಹೇಳು, ನಾನು ಕೇಳುತ್ತೇನೆ" ಎನ್ನಿ. ತೀರ್ಮಾನ ಅವನ ಬಾಯಿಂದ ಬರಲಿ. ನಿಮಗೆ ಗೊತ್ತಿರುವ ಉತ್ತರವನ್ನು ನುಂಗಿಕೊಂಡು ಕೂರುವುದು ಈ ಕೈಯ ಕಷ್ಟ. ಬೇಸರ ಹಿಡಿದವನ ವಿಷಯದಲ್ಲಿ ಒಂದು ಎಚ್ಚರಿಕೆ: ಎಷ್ಟೋ ಸಲ ಕಾರಣ ನಿಮ್ಮ ಕೈಯಲ್ಲಿರುವುದಿಲ್ಲ, ಊರಿನ ಮನೆಯಲ್ಲಿರುತ್ತದೆ, ಇನ್ನು ಕೆಲವು ಸಲ ಪೂರ್ತಿ ನಿಮ್ಮ ಕೈಯಲ್ಲೇ ಇರುತ್ತದೆ, ಎರಡು ವರ್ಷದಿಂದ ಏರದ ಸಂಬಳದ ರೂಪದಲ್ಲಿ. ಸಂಬಳದ ಸಮಸ್ಯೆಗೆ ಬೆನ್ನು ತಟ್ಟುವುದು ಔಷಧಿಯಲ್ಲ.

*ಬಿಟ್ಟುಕೊಡುವ ಕೈ.* ಎರಡೂ ಕಡಿಮೆ. ಬಲ್ಲ, ಮನಸ್ಸೂ ಇದೆ. ಏನಾಗಬೇಕು, ಯಾವಾಗ ಆಗಬೇಕು ಎಂದು ಒಪ್ಪಿಕೊಂಡು ದಾರಿ ಬಿಡಿ. ಮುಂಬಯಿಯಲ್ಲಿ ಇದಕ್ಕೆ ದೊಡ್ಡ ನಿದರ್ಶನ ಕಣ್ಣೆದುರೇ ಓಡಾಡುತ್ತದೆ. ಮನೆಯ ಊಟದ ಡಬ್ಬವನ್ನು ಕೆಲಸದ ಜಾಗಕ್ಕೆ ಮುಟ್ಟಿಸುವ, 1890ರ ಸುಮಾರಿಗೆ ಆರಂಭವಾದ ಡಬ್ಬಾವಾಲಾಗಳ ವ್ಯವಸ್ಥೆಯಲ್ಲಿ ಗುಂಪಿಗೊಬ್ಬ ಮುಕಾದಮ (ಮೇಲ್ವಿಚಾರಕ) ಇರುತ್ತಾನೆ, ಆದರೆ ಪ್ರತಿ ಡಬ್ಬದ ಹಿಂದೆ ಅವನು ಓಡುವುದಿಲ್ಲ. ಓಡಬೇಕಾಗಿಯೂ ಇಲ್ಲ: ಡಬ್ಬದ ಮುಚ್ಚಳದ ಗುರುತು ಮತ್ತು ಲೋಕಲ್ ರೈಲಿನ ವೇಳೆ ಎರಡೂ ನಿಗದಿಯಾಗಿವೆ. ಬಿಟ್ಟುಕೊಡುವ ಮೊದಲು ನಿಮ್ಮಲ್ಲೂ ಅಂಥ ಎರಡು ಸಂಗತಿ ನಿಗದಿಯಾಗಿರಲಿ. ಏನೂ ನಿಗದಿ ಮಾಡದೆ "ನೀನೇ ನೋಡಿಕೋ" ಎನ್ನುವುದು ನಾಲ್ಕರಲ್ಲಿ ಯಾವ ಕೈಯೂ ಅಲ್ಲ. ಅದು ಕೈ ತೊಳೆದುಕೊಳ್ಳುವುದು.

ಈಗ ನೋಟ್‌ಬುಕ್ಕಿನಲ್ಲಿ ಪ್ರತಿ ಕೆಲಸದ ಮುಂದೆ ಅದಕ್ಕೆ ತಕ್ಕ ಕೈಯ ಅಂಕಿಯನ್ನು, ಮೇಲಿನ ಕ್ರಮದಲ್ಲೇ ಒಂದರಿಂದ ನಾಲ್ಕರವರೆಗೆ, ಬರೆಯಿರಿ. ಮೇಲೆ ಹೇಳಿದ ಭಟ್ಟರಿಗೆ ಹಿಟ್ಟಿನಲ್ಲಿ ನಾಲ್ಕು, ಸಾಂಬಾರಿನಲ್ಲಿ ನಾಲ್ಕು, ಹುಡುಗರಿಗೆ ಕಲಿಸುವುದರಲ್ಲಿ ಮೂರು, ಟ್ಯಾಬ್ಲೆಟ್ಟಿನಲ್ಲಿ ಒಂದು. ಒಬ್ಬ ಮನುಷ್ಯನ ಹೆಸರಿನ ಮುಂದೆ ಎಲ್ಲ ಅಂಕಿಯೂ ಒಂದೇ ಆಗಿದ್ದರೆ ನೀವು ಕೆಲಸ ನೋಡಿ ಬರೆದಿಲ್ಲ, ಮುಖ ನೋಡಿ ಬರೆದಿದ್ದೀರಿ. ಹಂತ 1ಕ್ಕೆ ಹಿಂತಿರುಗಿ.

ಹಂತ 4: ಗಡಿಯಾರ ಮತ್ತು ಗಂಡಾಂತರ ನೋಡಿ

ಅಂಕಿ ಏನೇ ಇರಲಿ, ಕೆಲವು ಹೊತ್ತಿನಲ್ಲಿ ಎಲ್ಲರಿಗೂ ಒಂದನೆಯ ಕೈ.

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅಂಥ ದಿನ ಹೋಟೆಲಿನೊಳಗೆ ನೀರು ನುಗ್ಗುವಾಗ ಸಭೆ ಕರೆದು ಸಲಹೆ ಕೇಳುವವನು ನಾಯಕನಲ್ಲ. "ನೀನು ಮೇನ್ ಸ್ವಿಚ್ ಇಳಿಸು, ನೀನು ಸಿಲಿಂಡರ್ ವಾಲ್ವ್ ಮುಚ್ಚು, ಅಕ್ಕಿಯ ಮೂಟೆ ಅಟ್ಟಕ್ಕೆ", ಇಷ್ಟೇ ಮಾತು. ಹಿರಿಯ ಭಟ್ಟರೂ ಆಗ ಬೇಸರಿಸಿಕೊಳ್ಳುವುದಿಲ್ಲ, ಹೊತ್ತು ಎಂಥದ್ದೆಂದು ಅವರಿಗೂ ಕಾಣುತ್ತದೆ.

ಗೋವೆಯ ಮೇಸ್ತ್ರಿಗಳಿಗೆ ಸ್ಲ್ಯಾಬ್ ಹಾಕುವ ದಿನ ಇಂಥದ್ದು. ಕಲಸಿದ ಕಾಂಕ್ರೀಟು ಯಾರ ಅಭಿಪ್ರಾಯಕ್ಕೂ ಕಾಯದೆ ಗಟ್ಟಿಯಾಗುತ್ತಾ ಹೋಗುತ್ತದೆ. ಉಳಿದ ದಿನ ಗೋಡೆ ಕಟ್ಟುವ ಜೋಡಿಗೆ ಅವರ ಲಯ ಬಿಟ್ಟುಕೊಟ್ಟವರೂ ಅಂದು ಒಬ್ಬರ ಕೂಗಿಗೆ ಎಲ್ಲರೂ ನಡೆಯುವಂತೆ ಮಾಡಬೇಕು. ಸಾಫ್ಟ್‌ವೇರ್‌ನವರಿಗೆ ಗ್ರಾಹಕರ ವ್ಯವಸ್ಥೆ ಕುಸಿದು ನಿಂತ ರಾತ್ರಿ.

ಗಡಿಯಾರಕ್ಕೆ ಸಂಬಂಧವಿಲ್ಲದ ಗಂಡಾಂತರಗಳೂ ಇವೆ. ಕರಿಯುವ ಎಣ್ಣೆಯ ಉದಾಹರಣೆ ನೋಡಿ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹುಟ್ಟಿ ಸೇರಿಕೊಳ್ಳುವ ಕೆಟ್ಟ ಅಂಶಗಳ ಒಟ್ಟು ಅಳತೆಗೆ ಒಟ್ಟು ಧ್ರುವೀಯ ಸಂಯುಕ್ತಗಳು ಎಂದು ಹೆಸರು. ಅದು ಶೇಕಡ 25 ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದು ಎಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಇಲ್ಲಿ ಭಟ್ಟರ ಅನುಭವ ಎಷ್ಟೇ ಇರಲಿ, "ಇನ್ನೊಂದು ಸುತ್ತು ವಡೆ ತೆಗೆಯಬಹುದು" ಎಂಬ ಮಾತಿಗೆ ಜಾಗವಿಲ್ಲ. ಗ್ಯಾಸ್, ಎಣ್ಣೆ, ಎತ್ತರದಲ್ಲಿ ಮಾಡುವ ಕೆಲಸ, ದುಡ್ಡಿನ ಲೆಕ್ಕ, ಇವು ನಾಲ್ಕನೆಯ ಕೈಯವರಿಗೂ ನಿಯಮದ ಒಳಗಿನ ಕೆಲಸಗಳೆಂದು ಮೊದಲೇ ಹೇಳಿಬಿಡಿ.

ಈ ಹಂತದ ತಪ್ಪು ತುರ್ತಿನ ಹೊತ್ತಿನಲ್ಲಿ ಆಗುವುದಿಲ್ಲ, ಮರುದಿನ ಆಗುತ್ತದೆ. ನೀರಿಳಿದ ಮೇಲೂ ಕೆಲವರ ಕೂಗು ಇಳಿಯುವುದಿಲ್ಲ. ಗದ್ದಲದಲ್ಲಿ ಎಲ್ಲರೂ ಮಾತು ಕೇಳಿದ್ದು ಹಿತವಾಗಿರುತ್ತದೆ, ಅದೇ ರೂಢಿಯಾಗುತ್ತದೆ. ತುರ್ತು ಮುಗಿಯಿತು ಎಂದು ಬಾಯಿಬಿಟ್ಟು ಹೇಳಿ: "ನಿನ್ನೆ ನಾನು ಕೂಗಿ ಹೇಳಬೇಕಾಯಿತು. ಇವತ್ತಿನಿಂದ ಅಡುಗೆಮನೆ ಮತ್ತೆ ನಿಮ್ಮದು."

ಹಂತ 5: ಕೈ ಬದಲಿಸುವ ಮುನ್ನ ಹೇಳಿ

ನೀವು ಮನಸ್ಸಿನಲ್ಲೇ ಒಂದರಿಂದ ಎರಡಕ್ಕೆ ಹೋದರೆ ಎದುರಿನವನಿಗೆ ಗೊತ್ತಾಗುವುದು ಹೇಗೆ? ನಿನ್ನೆಯವರೆಗೆ ಪಕ್ಕದಲ್ಲೇ ನಿಂತಿದ್ದ ಮ್ಯಾನೇಜರ್ ಇವತ್ತು ಹತ್ತಿರ ಬರಲಿಲ್ಲವೆಂದರೆ "ನನ್ನ ಮೇಲೆ ಸಿಟ್ಟು" ಎಂದುಕೊಳ್ಳುತ್ತಾನೆ. ಬಿಟ್ಟುಕೊಟ್ಟವನ ಹಿಂದೆ ಹೋಗಿ ನಿಂತರೆ "ನನ್ನ ಮೇಲೆ ಗುಮಾನಿ" ಎಂದುಕೊಳ್ಳುತ್ತಾನೆ. ಎರಡು ವಾಕ್ಯ ಸಾಕು. "ಮಸಾಲೆ ದೋಸೆಯನ್ನು ಇನ್ನು ನಾನು ನೋಡುವುದಿಲ್ಲ, ನಿನ್ನ ಜವಾಬ್ದಾರಿ. ರವೆ ದೋಸೆಯನ್ನು ಮಾತ್ರ ಈ ವಾರ ಇಬ್ಬರೂ ಸೇರಿ ಮಾಡೋಣ."

ಇದರಲ್ಲಿ ಭಾಷೆಯ ಪಾತ್ರವೂ ದೊಡ್ಡದು, ಅದನ್ನು ಪರದೇಶದ ಸಿದ್ಧಾಂತಗಳು ಹೇಳಿಕೊಡುವುದಿಲ್ಲ. ಕನ್ನಡದಲ್ಲಿ ನೀನು, ನೀವು. ತುಳುವಿನಲ್ಲಿ ಈ, ಈರ್. ಮರಾಠಿಯಲ್ಲಿ ತೂ, ತುಮ್ಹೀ. ಹಿಂದಿಯಲ್ಲಂತೂ ತೂ, ತುಮ್, ಆಪ್ ಎಂದು ಮೂರು ಮೆಟ್ಟಿಲು. ಸರ್ವನಾಮ ಬದಲಾದರೆ ಸಂಬಂಧ ಬದಲಾದಂತೆ. ಹುಡುಗನಾಗಿ ಬಂದವನಿಗೆ ಸಪ್ಲೈಯರುಗಳನ್ನು ನೋಡಿಕೊಳ್ಳುವ ಕ್ಯಾಪ್ಟನ್ ಕೆಲಸ ಒಪ್ಪಿಸಿದ ದಿನ ಇತರರ ಎದುರು ಅವನನ್ನು "ನೀವು" ಎಂದು ಕರೆದು ನೋಡಿ. ಹೊಸ ಷರ್ಟು ಕೊಟ್ಟದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಆದರೆ ಮುಂದಿನ ವಾರ ಸಿಟ್ಟಿನಲ್ಲಿ "ನೀನು"ವಿಗೆ ಇಳಿಯಬೇಡಿ. ಅದಕ್ಕಿಂತ ಮೊದಲಿನಿಂದಲೂ "ನೀನು" ಎಂದೇ ಕರೆದಿದ್ದರೆ ವಾಸಿಯಿತ್ತು ಎನ್ನುವಂತಾಗುತ್ತದೆ.

ವಯಸ್ಸಿನಲ್ಲಿ ಹಿರಿಯರಿಗೆ ಒಂದನೆಯ ಕೈ ಬೇಕಾದಾಗ ಎಲ್ಲರೆದುರು ಕಲಿಸಬೇಡಿ. ಟ್ಯಾಬ್ಲೆಟ್ಟನ್ನು ಭಟ್ಟರಿಗೆ ತೋರಿಸಬೇಕಾದರೆ ಖಾಲಿ ಹೊತ್ತು, ಮುಚ್ಚಿದ ಬಾಗಿಲು, ಬಹುವಚನ. ಹೇಳುವ ವಿಷಯ ಮಾತ್ರ ಹೊಸಬನಿಗೆ ಹೇಳುವಷ್ಟೇ ವಿವರವಾಗಿರಲಿ. ಮರ್ಯಾದೆ ದನಿಯಲ್ಲಿರಬೇಕು, ವಿವರ ಬಿಟ್ಟುಬಿಡುವುದರಲ್ಲಿ ಅಲ್ಲ.

"ಒಬ್ಬನಿಗೊಂದು ರೀತಿ, ಇನ್ನೊಬ್ಬನಿಗೊಂದು ರೀತಿ ಮಾಡಿದರೆ ಪಕ್ಷಪಾತ ಎನ್ನುವುದಿಲ್ಲವೇ?" ಎಂದು ಬಹಳ ಜನ ಕೇಳುತ್ತಾರೆ. ಎನ್ನುತ್ತಾರೆ, ಕಾರಣ ಹೇಳದಿದ್ದರೆ. ರಜೆ, ಸಂಬಳದ ದಿನ, ಊಟ, ಮಲಗುವ ಜಾಗ ಇವುಗಳಲ್ಲಿ ಎಲ್ಲರಿಗೂ ಒಂದೇ ನಿಯಮ ಇಟ್ಟುಕೊಳ್ಳಿ. ಕಲಿಸುವ ಬಗೆಯಲ್ಲಷ್ಟೇ ವ್ಯತ್ಯಾಸವಿರಲಿ. ಆ ಎರಡನ್ನು ಬೆರೆಸಿದವರ ಮೇಲೆ ಬರುವ ದೂರು ನ್ಯಾಯವಾದದ್ದೇ.

ಹಂತ 6: ಒಂದೊಂದೇ ಬೆರಳು ಬಿಡಿಸಿ

ಒಂದರಿಂದ ನಾಲ್ಕಕ್ಕೆ ಹಾರಬೇಡಿ. ನಿರ್ದೇಶನವನ್ನು ಸ್ವಲ್ಪ ಕಡಿಮೆ ಮಾಡಿ, ಏನಾಗುತ್ತದೆ ನೋಡಿ, ಚೆನ್ನಾಗಿ ನಡೆದರೆ ಇನ್ನೂ ಸ್ವಲ್ಪ. ತಪಾಸಣೆಯ ಹೊತ್ತನ್ನು ಮೊದಲೇ ಗೊತ್ತುಮಾಡಿ: ಮೊದಲ ವಾರ ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ. ಹೇಳದೆ ಬಂದು ಇಣುಕುವುದಕ್ಕಿಂತ ಹೇಳಿ ಬಂದು ಕೂಲಂಕಷವಾಗಿ ನೋಡುವುದು ಮೇಲು.

ತಪ್ಪಾದರೆ? ಒಂದೇ ಒಂದು ಕೈ ಹಿಂದಕ್ಕೆ ಬನ್ನಿ. ನಾಲ್ಕರಲ್ಲಿದ್ದವನು ಎಡವಿದರೆ ಮೂರಕ್ಕೆ, ಕೂತು ಕೇಳುವುದಕ್ಕೆ. ನೇರವಾಗಿ ಒಂದಕ್ಕೆ ಇಳಿದು ಕೈಯಿಂದ ಸೌಟು ಕಸಿದುಕೊಂಡರೆ ಅವನು ಮುಂದೆ ಎಂದೂ ಜವಾಬ್ದಾರಿ ಹೊರಲಾರ. ಹೀಗೆ ಕಸಿದುಕೊಂಡು ಒಬ್ಬ ಒಳ್ಳೆಯ ಕೆಲಸಗಾರನನ್ನು ನಾನು ಕಳೆದುಕೊಂಡಿದ್ದೇನೆ. ಅವನು ಆಮೇಲೆ ಎದುರಿನ ಫುಟ್‌ಪಾತಿನಾಚೆ ಸ್ವಂತ ಅಂಗಡಿ ಇಟ್ಟ. ಅದರ ವಡೆ ಚೆನ್ನಾಗಿತ್ತು ಎಂದು ನನ್ನ ಗಿರಾಕಿಗಳೇ ಹೇಳುತ್ತಿದ್ದರು.

ಸರಿಯಾಗಿ ಬಿಟ್ಟುಕೊಟ್ಟಿದ್ದೀರೋ ಇಲ್ಲವೋ ಎಂದು ತಿಳಿಯಲು ಹಳೆಯದೊಂದು ಪರೀಕ್ಷೆಯಿದೆ. 1930ರ ದಶಕದ ಕೊನೆಯಲ್ಲಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಸಂಗಡಿಗರು ಅಮೆರಿಕದ ಅಯೋವಾದಲ್ಲಿ ಹತ್ತು ವರ್ಷದ ಆಸುಪಾಸಿನ ಹುಡುಗರ ಹವ್ಯಾಸದ ಗುಂಪುಗಳಿಗೆ ಬೇರೆ ಬೇರೆ ಬಗೆಯ ಮುಂದಾಳುಗಳನ್ನು ಕೊಟ್ಟು ನೋಡಿದರು. ಅಪ್ಪಣೆ ಕೊಡುವವನು ಕೋಣೆಯಿಂದ ಹೊರಹೋದಾಗ ಅವನ ಗುಂಪಿನ ಕೆಲಸ ಕುಗ್ಗಿತು. ಸೇರಿ ತೀರ್ಮಾನಿಸುತ್ತಿದ್ದ ಗುಂಪಿನ ಕೆಲಸ ಹೆಚ್ಚು ಕಡಿಮೆ ಹಾಗೇ ಮುಂದುವರಿಯಿತು. ನೀವೂ ಗಲ್ಲೆ ಬಿಟ್ಟು ಒಂದು ಗಂಟೆ ಹೊರಗೆ ಹೋಗಿ ಬನ್ನಿ. ಫೋನ್ ಕರೆ ಎಷ್ಟು ಬಂತು ಎಂದು ಎಣಿಸಿ. ಮತ್ತೆ, ಯಾವ ಕೆಲಸದ ಬಗ್ಗೆ ಬಂತು ಎಂದು ಬರೆದುಕೊಳ್ಳಿ.

ಹಂತ 7: ಸಂಬಳವಿಲ್ಲದ ಕಡೆ

ಸಂಘಗಳ ಕಾರ್ಯದರ್ಶಿಗಳು ಮೇಲಿನದನ್ನು ಹಾಗೆಯೇ ತೆಗೆದುಕೊಂಡು ಹೋದರೆ ಮುಂದಿನ ಮಹಾಸಭೆಯಲ್ಲಿ ಸೋಲುತ್ತಾರೆ. ಬೊರಿವಲಿಯಿಂದಲೋ ಡೊಂಬಿವಲಿಯಿಂದಲೋ ಭಾನುವಾರದ ನಿದ್ದೆ ಬಿಟ್ಟು ಎರಡು ರೈಲು ಹತ್ತಿ ಬರುವ ಕಾರ್ಯಕರ್ತನ ಮನಸ್ಸೇ ಅವನ ಕೂಲಿ. ಅಲ್ಲಿ ಎರಡು ಮತ್ತು ಮೂರನೆಯ ಕೈ ಹೆಚ್ಚು ನಡೆಯುತ್ತವೆ. ಹೊಸ ಕಾರ್ಯಕರ್ತನಿಗೂ "ಹೀಗೆ ಮಾಡು" ಎಂದಷ್ಟೇ ಹೇಳದೆ ಯಾಕೆಂದು ಹೇಳಬೇಕು.

ಒಂದು ಅಪವಾದ, ಕಾರ್ಯಕ್ರಮದ ದಿನ. ರಾಜ್ಯೋತ್ಸವದ ಸಭೆಯಲ್ಲಿ ವೇದಿಕೆಯ ಹಿಂದೆ ಆರು ಜನ ಅಧ್ಯಕ್ಷರಂತೆ ಓಡಾಡುವುದನ್ನು ನೀವೂ ನೋಡಿದ್ದೀರಿ. ಎರಡು ವಾರ ಮೊದಲೇ ಕೇಳಿ: "ಆ ದಿನ ಸಂಜೆ ನಾಲ್ಕರಿಂದ ಒಂಬತ್ತರವರೆಗೆ ವೇದಿಕೆಯ ವಿಷಯದಲ್ಲಿ ಒಬ್ಬರ ಮಾತೇ ಕೊನೆ. ಅವರು ಯಾರಾಗಬೇಕು?" ಅವರೇ ಆರಿಸಿದವರ ಅಪ್ಪಣೆಯನ್ನು ಅವರು ಒಪ್ಪುತ್ತಾರೆ. ಭಾಷಣ ಉದ್ದವಾದಾಗ ಚೀಟಿ ಕಳುಹಿಸುವ ಅಧಿಕಾರವೂ ಆ ಒಬ್ಬರಿಗೇ ಇರಲಿ. ಅದು ಕಷ್ಟದ ಅಧಿಕಾರ ಎಂದು ಬಲ್ಲೆ.

ಹಂತ 8: ನಿಮ್ಮನ್ನೂ ಪಟ್ಟಿಗೆ ಸೇರಿಸಿ

ಎಲ್ಲರಿಗೂ ನಾಲ್ಕು ಕೈ ಬರುವುದಿಲ್ಲ. ನನಗೆ ಮೂರನೆಯದು ಬಹಳ ವರ್ಷ ಬರಲೇ ಇಲ್ಲ, ಉತ್ತರ ನಾಲಿಗೆಯ ತುದಿಯಲ್ಲಿರುವಾಗ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಫ್ರೆಡ್ ಫೀಡ್ಲರ್ ಎಂಬ ಮನಶ್ಶಾಸ್ತ್ರಜ್ಞರು 1967ರಲ್ಲಿ ಹೇಳಿದ್ದು ಬೇರೆಯೇ ಮಾತು: ನಾಯಕನ ಸ್ವಭಾವ ಸುಲಭಕ್ಕೆ ಬದಲಾಗದು, ಅದಕ್ಕಿಂತ ಸಂದರ್ಭವನ್ನು ಬದಲಿಸಿ, ಇಲ್ಲವೇ ಆ ಸಂದರ್ಭಕ್ಕೆ ತಕ್ಕವನನ್ನು ಅಲ್ಲಿ ಇಡಿ. ಹರ್ಸಿ, ಬ್ಲಾಂಚಾರ್ಡ್ ಅವರ ಮಾತಿನಲ್ಲೂ ಫೀಡ್ಲರ್ ಮಾತಿನಲ್ಲೂ ಹುರುಳಿದೆ ಎಂಬುದು ನನ್ನ ಅಭಿಪ್ರಾಯ. ಬರುವ ಕೈಯನ್ನು ನೀವು ಬಳಸಿ, ಬಾರದ ಕೈಗೆ ಜೊತೆಯವರನ್ನು ಹುಡುಕಿ. ಹೊಸಬರಿಗೆ ಕಲಿಸುವ ತಾಳ್ಮೆ ನಿಮಗಿಲ್ಲದಿದ್ದರೆ, ಅದಿರುವ ಹಿರಿಯ ಸಪ್ಲೈಯರನಿಗೆ ಅದನ್ನೇ ಕೆಲಸವಾಗಿ ಕೊಟ್ಟು ಅದಕ್ಕೆ ತಕ್ಕ ದುಡ್ಡೂ ಕೊಡಿ.

ಸಿದ್ಧಾಂತವನ್ನು ಎಷ್ಟು ನಂಬಬೇಕು ಎಂಬುದನ್ನೂ ಹೇಳಬೇಕು. ತರಬೇತಿ ಕೊಡುವವರು ಇದನ್ನು ವೇದವಾಕ್ಯದಂತೆ ಮಾರುತ್ತಾರೆ. 1987ರಲ್ಲಿ ರಾಬರ್ಟ್ ವೆಕಿಯೋ ಎಂಬ ಸಂಶೋಧಕರು ಅಮೆರಿಕದ ಪ್ರೌಢಶಾಲಾ ಶಿಕ್ಷಕರಲ್ಲಿ ಇದನ್ನು ಪರೀಕ್ಷಿಸಿದಾಗ ಹೊಸಬರ ವಿಷಯದಲ್ಲಿ ಚೆನ್ನಾಗಿ ಹೊಂದಿತು, ಪಳಗಿದವರ ವಿಷಯದಲ್ಲಿ ಅಷ್ಟು ಹೊಂದಲಿಲ್ಲ. ಆದ್ದರಿಂದ ಹೊಸಬನಿಗೆ ಸ್ಪಷ್ಟ ನಿರ್ದೇಶನ ಬೇಕು ಎಂಬುದನ್ನು ಕಣ್ಣುಮುಚ್ಚಿ ನಂಬಿ. ಪಳಗಿದವನನ್ನು ಪೂರ್ತಿ ಬಿಟ್ಟುಬಿಡಬೇಕು ಎಂಬುದನ್ನು ನಿಮ್ಮ ಜಾಗದಲ್ಲಿ ನೋಡಿ ನಂಬಿ. ಕೆಲಸ ಪೂರ್ತಿ ಬಲ್ಲವರಿಗೂ ತಿಂಗಳಿಗೊಮ್ಮೆ ಕೂತು ಮಾತನಾಡುವ ಒಬ್ಬರು ಬೇಕಾಗುತ್ತಾರೆ.

ತಿಂಗಳ ಕೊನೆಯ ದಿನ

ನೋಟ್‌ಬುಕ್ ತೆಗೆದು ಪ್ರತಿ ಅಂಕಿಯನ್ನೂ ಮತ್ತೆ ನೋಡಿ. ಬದಲಾಗಿದ್ದರೆ ಹಳೆಯದನ್ನು ಅಳಿಸಬೇಡಿ, ಪಕ್ಕದಲ್ಲಿ ಹೊಸದನ್ನು ಬರೆದು ತಾರೀಖು ಹಾಕಿ. ಮೂರು ತಿಂಗಳು ಒಂದೇ ಅಂಕಿಯಲ್ಲಿ ನಿಂತಿರುವ ಸಾಲಿನ ಕೆಳಗೆ ಗೆರೆ ಎಳೆಯಿರಿ. ಆ ಸಾಲಿನವನನ್ನು ಕರೆಯುವ ಮೊದಲು, ಆ ಮೂರು ತಿಂಗಳಲ್ಲಿ ನೀವು ಅವನ ಪಕ್ಕ ನಿಂತದ್ದು ಎಷ್ಟು ದಿನ ಎಂದು ಅದೇ ಗೆರೆಯ ಮೇಲೆ ಬರೆಯಿರಿ. ಇದಕ್ಕೂ ಪೆನ್ಸಿಲೇ ಸಾಕು.